ಮೆಟಲ್ 3ಡಿ ಪ್ರಿಂಟರ್ ಕೊಳ್ಳಬೇಕೇ? ತಾರಿಹಾಳದ ಮಷಿನ್ ಶಾಪ್ ಒಂದರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್ ಇದೆ. ಎರಡು ಸಿಎನ್‌ಸಿ ಲೇತ್, ಒಂದು ವಿಎಂಸಿ (ನಿಂತ ಸ್ಪಿಂಡಲ್ಲಿನ ಕಂಪ್ಯೂಟರ್ ಚಾಲಿತ ಮಿಲ್ಲಿಂಗ್ ಯಂತ್ರ) ಮತ್ತು ಎರಡು ಹಳೆಯ ಲೇತ್‌ಗಳಿವೆ. ಹೆಚ್ಚಿನ ಪಾಲು ವಾಲ್ವ್ ಕಂಪನಿಗಳ ಜಾಬ್ ವರ್ಕ್. ವಾಲ್ವಿನ ಬಾಡಿ (ಹೊರ ಕವಚ), ಬಾನೆಟ್ (ಅದರ ಮುಚ್ಚಳ), ಸ್ಟೆಮ್, ಸೀಟ್ ರಿಂಗ್ ಮಾಡಿಕೊಡುತ್ತೇವೆ. ಉಳಿದದ್ದು ಗದಗ, ಅಣ್ಣಿಗೇರಿ ಕಡೆಯ ಹತ್ತಿ ಜಿನ್ನಿಂಗ್ ಮಿಲ್‌ಗಳ ಬಿಡಿಭಾಗ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿರುವ ನನ್ನ ಮಗ ಬೆಂಗಳೂರಿನಲ್ಲಿ ಯಂತ್ರೋಪಕರಣಗಳ ಪ್ರದರ್ಶನ ನೋಡಿ ಬಂದಾಗಿನಿಂದ, ಸಾಲ ಮಾಡಿಯಾದರೂ ಮೆಟಲ್ 3ಡಿ ಪ್ರಿಂಟರ್ ಕೊಳ್ಳೋಣ, ಇನ್ನು ಹತ್ತು ವರ್ಷಕ್ಕೆ ಲೇತ್ ಕೇಳುವವರೇ ಇರುವುದಿಲ್ಲ ಎನ್ನುತ್ತಿದ್ದಾನೆ. ಅದಾಗದಿದ್ದರೆ ಐದು ಬಗೆಯ ಚಲನೆಯಿರುವ ಐದು ಆಕ್ಸಿಸ್ ಮಿಲ್ಲಿಂಗ್ ಯಂತ್ರವಾದರೂ ಬೇಕೆಂಬುದು ಅವನ ಹಟ. ಏನು ಮಾಡುವುದು ಸರಿ?

ಉತ್ತರ: ನೇರವಾಗಿ ಹೇಳುವುದಾದರೆ, ನೀವು ಈಗ ಮಾಡುತ್ತಿರುವ ಕೆಲಸಕ್ಕೆ ಮೆಟಲ್ ಪ್ರಿಂಟರ್ ಬೇಡ, ಅದಕ್ಕಾಗಿ ಸಾಲ ಮಾಡುವುದಂತೂ ಬೇಡವೇ ಬೇಡ. ಹಾಗೆಂದು ನಿಮ್ಮ ಮಗನ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಪದರದ ಮೇಲೆ ಪದರ ಕಟ್ಟಿ ವಸ್ತು ತಯಾರಿಸುವ ಈ ತಂತ್ರ ನಿಮ್ಮ ಶೆಡ್ಡಿಗೂ ಬರುತ್ತದೆ, ಆದರೆ ಅವನು ಪ್ರದರ್ಶನದಲ್ಲಿ ಕಂಡ ರೂಪದಲ್ಲಿ ಬರುವುದು ಕಷ್ಟ. ಮರಳಿನಲ್ಲಿ ಅಚ್ಚು ಮೂಡಿಸುವ ಎರಕದ ಪ್ಯಾಟರ್ನ್ ಆಗಿ, ಜಾಬ್ ಹಿಡಿಯುವ ಫಿಕ್ಸ್ಚರ್ ಆಗಿ, ಎರಕದೊಳಗೆ ಟೊಳ್ಳು ಬಿಡಿಸುವ ಮರಳಿನ ಕೋರ್ ಆಗಿ, ಎಲ್ಲಕ್ಕಿಂತ ಮುಖ್ಯವಾಗಿ ಬೇರೆಯವರು ಮುದ್ರಿಸಿದ ಲೋಹದ ಭಾಗವನ್ನು ಅಳತೆಗೆ ತರುವ ಮಷಿನಿಂಗ್ ಕೆಲಸವಾಗಿ ಅದು ಬರುತ್ತದೆ. ಇನ್ನು ಲೇತ್‌ಗೆ ಹತ್ತು ವರ್ಷದ ಆಯುಷ್ಯ ಎಂಬ ಮಾತಿಗೆ ಉತ್ತರ ನಿಮ್ಮ ಶೆಡ್ಡಿನಲ್ಲೇ ಇದೆ. ಸಂಖ್ಯೆಗಳ ಆಜ್ಞೆಯಂತೆ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಅಮೆರಿಕದ ಎಂಐಟಿಯಲ್ಲಿ ತೋರಿಸಿದ್ದು 1952ರಲ್ಲಿ. ಎಪ್ಪತ್ತು ವರ್ಷ ದಾಟಿದ ಮೇಲೂ ನಿಮ್ಮಲ್ಲಿ ಎರಡು ಹಳೆಯ ಲೇತ್‌ಗಳು ಅನ್ನಕ್ಕೆ ದುಡಿಯುತ್ತಿವೆ.

ಮೊದಲು ಮೆಟಲ್ ಪ್ರಿಂಟರ್ ಏನು ಮಾಡುತ್ತದೆ ಎಂಬುದನ್ನು ನಿಮ್ಮ ಜಾಬ್‌ನ ಲೆಕ್ಕದಲ್ಲೇ ನೋಡೋಣ. ಪ್ರದರ್ಶನಗಳಲ್ಲಿ ಹೆಚ್ಚಾಗಿ ಕಾಣುವುದು ಪುಡಿಯ ಹಾಸಿನ ಮೇಲೆ ಲೇಸರ್ ಓಡಿಸುವ ಯಂತ್ರ. ಸುಮಾರು 15ರಿಂದ 45 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಗಾತ್ರದ ಲೋಹದ ಪುಡಿಯನ್ನು 30ರಿಂದ 60 ಮೈಕ್ರಾನ್ ದಪ್ಪದ ಪದರವಾಗಿ ಹರಡಿ, ಆರ್ಗಾನ್ ಅನಿಲ ತುಂಬಿದ ಕೋಣೆಯೊಳಗೆ, ಬೇಕಾದ ಜಾಗವನ್ನಷ್ಟೇ ಲೇಸರ್ ಕರಗಿಸುತ್ತದೆ. ಆಮೇಲೆ ಮತ್ತೊಂದು ಪದರ, ಮತ್ತೆ ಲೇಸರ್. ನಿಮ್ಮಲ್ಲಿಗೆ ಬರುವ 8 ಕಿಲೋ ತೂಕದ ಒಂದು ಸ್ಟೀಲ್ ಬಾಡಿಯನ್ನು ತೆಗೆದುಕೊಳ್ಳಿ. ಅದರ ಗಾತ್ರ ಹತ್ತಿರಹತ್ತಿರ 1000 ಘನ ಸೆಂಟಿಮೀಟರ್. ಒಂದೇ ಲೇಸರ್ ಇರುವ ಯಂತ್ರ ಗಂಟೆಗೆ 10 ಘನ ಸೆಂಟಿಮೀಟರ್ ಕಟ್ಟುತ್ತದೆ ಎಂದು ಹಿಡಿದರೂ ಆ ಬಾಡಿಗೆ 100 ಗಂಟೆ, ಅಂದರೆ ಹಗಲು ರಾತ್ರಿ ಸೇರಿ ನಾಲ್ಕು ದಿನಕ್ಕೂ ಹೆಚ್ಚು ಬೇಕು. ನಾಲ್ಕು, ಎಂಟು, ಹನ್ನೆರಡು ಲೇಸರ್‌ಗಳ ಯಂತ್ರಗಳು ಈಗ ಬಂದಿವೆ, ವೇಗವೂ ಹೆಚ್ಚಿದೆ. ಆದರೆ ಬೆಲೆಯೂ ಏರುತ್ತದೆ. ಪುಡಿಯೋ ಅದೇ ಸ್ಟೀಲಿನ ಬಾರ್‌ಗಿಂತ ಹಲವು ಪಟ್ಟು ದುಬಾರಿ. ಅಷ್ಟೆಲ್ಲ ಆದ ಮೇಲೆ ಹೊರಬರುವ ಬಾಡಿಯ ಮೈ ತರಿತರಿಯಾಗಿರುತ್ತದೆ. ಗ್ಯಾಸ್ಕೆಟ್ ಕೂರುವ ಮುಖ, ಸೀಟ್ ಪಾಕೆಟ್, ಥ್ರೆಡ್ ಇವನ್ನೆಲ್ಲ ಪುನಃ ನಿಮ್ಮದೇ ಲೇತ್‌ನಲ್ಲಿ ಹೊಡೆಯಬೇಕು.

ಹಾಗಿದ್ದರೆ ಇಷ್ಟು ದುಬಾರಿ ತಂತ್ರಕ್ಕೆ ಬಾಹ್ಯಾಕಾಶ ಮತ್ತು ವಿಮಾನ ಉದ್ಯಮದವರು ಏಕೆ ಮುಗಿಬೀಳುತ್ತಾರೆ ಎಂದು ನಿಮ್ಮ ಮಗ ಕೇಳಬಹುದು, ಕೇಳಲೇಬೇಕು. ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಇಸ್ರೋದ್ದೇ ಇದೆ. ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೆಯ ಹಂತದ ಪಿಎಸ್4 ಎಂಜಿನ್ನನ್ನು 3ಡಿ ಮುದ್ರಣಕ್ಕೆ ಒಗ್ಗುವಂತೆ ಮರುವಿನ್ಯಾಸ ಮಾಡಿ, 2024ರ ಮೇ 9ರಂದು ಮಹೇಂದ್ರಗಿರಿಯಲ್ಲಿ 665 ಸೆಕೆಂಡು ಉರಿಸಿ ಪರೀಕ್ಷಿಸಿದರು. ಮೊದಲು 14 ಬಿಡಿಭಾಗಗಳನ್ನು ಬೆಸೆದು ಮಾಡುತ್ತಿದ್ದುದು ಒಂದೇ ತುಂಡಾಯಿತು. 19 ವೆಲ್ಡ್ ಜೋಡಣೆಗಳು ಇಲ್ಲವಾದವು. ಎಲ್ಲಕ್ಕಿಂತ ಗಮನಿಸಬೇಕಾದ ಅಂಕಿ ಕಚ್ಚಾ ಲೋಹದ್ದು: ಫೋರ್ಜಿಂಗ್ ಮತ್ತು ತಗಡು ಸೇರಿ ಒಂದು ಎಂಜಿನ್ನಿಗೆ 565 ಕಿಲೋ ಬೇಕಾಗುತ್ತಿದ್ದಲ್ಲಿ 13.7 ಕಿಲೋ ಪುಡಿ ಸಾಕಾಯಿತು. ಅಂದರೆ ಹಳೆಯ ವಿಧಾನದಲ್ಲಿ ಕೊಂಡ ದುಬಾರಿ ಲೋಹದ ಬಹುಪಾಲು ಚಿಪ್ (ಕತ್ತರಿಸಿ ತೆಗೆದ ಚೂರು) ಆಗಿ ಗುಜರಿಗೆ ಹೋಗುತ್ತಿತ್ತು. ಜಿಇ ಕಂಪನಿ ಲೀಪ್ ವಿಮಾನ ಎಂಜಿನ್ನಿನ ಇಂಧನ ನಾಝಲ್ ತುದಿಯನ್ನು ಮುದ್ರಿಸಲು ತೊಡಗಿದ್ದೂ ಇದೇ ಲೆಕ್ಕದಲ್ಲಿ. 20 ತುಂಡುಗಳು ಒಂದಾದವು, ತೂಕ ಕಾಲುಭಾಗ ಇಳಿಯಿತು.

ಈ ಎರಡು ಉದಾಹರಣೆಗಳಲ್ಲಿ ಗೆದ್ದ ಕಾರಣಗಳನ್ನು ನಿಮ್ಮ ವಾಲ್ವ್ ಬಾಡಿಯ ಪಕ್ಕದಲ್ಲಿಟ್ಟು ನೋಡಿ. ನಿಮ್ಮ ಬಾಡಿ ಬೆಳಗಾವಿಯ ಅಥವಾ ಕೊಲ್ಲಾಪುರದ ಫೌಂಡ್ರಿಯಿಂದ ಎರಕವಾಗಿಯೇ ಬರುತ್ತದೆ; ಬೇಕಾದ ಆಕಾರದ ಹತ್ತಿರಕ್ಕೆ ಲೋಹ ಆಗಲೇ ಬಂದಿರುತ್ತದೆ, ನೀವು ತೆಗೆಯುವುದು ಮೇಲಿನ ಕೆಲವು ಮಿಲಿಮೀಟರ್ ಮಾತ್ರ. ಉಳಿಸಬೇಕಾದ 550 ಕಿಲೋ ಚಿಪ್ ಅಲ್ಲಿಲ್ಲ, ಒಂದಾಗಿಸಬೇಕಾದ 14 ತುಂಡುಗಳೂ ಇಲ್ಲ, ಹಾರಿಸುವ ತೂಕದ ಚಿಂತೆಯೂ ಇಲ್ಲ. ಇದಕ್ಕೆ ಇನ್ನೊಂದು ತೊಡಕೂ ಸೇರಿಕೊಳ್ಳುತ್ತದೆ. ಒತ್ತಡ ಹಿಡಿಯುವ ಭಾಗಕ್ಕೆ ನಿಮ್ಮ ಗ್ರಾಹಕರ ಡ್ರಾಯಿಂಗ್‌ನಲ್ಲಿ ಎ216 ಡಬ್ಲ್ಯುಸಿಬಿ ಎಂದೋ ಎ351 ಸಿಎಫ್8ಎಂ ಎಂದೋ ಬರೆದಿರುತ್ತದೆ. ಇವು ಎರಕದ ಲೋಹದ ನಿರ್ದಿಷ್ಟತೆಗಳು. ಮುದ್ರಿಸಿದ ಬಾಡಿ ಎಷ್ಟೇ ಗಟ್ಟಿಯಾಗಿದ್ದರೂ ಆ ಹೆಸರಿನಲ್ಲಿ ಪಾಸಾಗುವುದಿಲ್ಲ. ತೈಲ ಮತ್ತು ಅನಿಲ ಉದ್ಯಮಕ್ಕೆ ಮುದ್ರಿತ ಲೋಹದ ಭಾಗಗಳ ಬಗ್ಗೆ ಅಮೆರಿಕನ್ ಪೆಟ್ರೋಲಿಯಂ ಇನ್ಸ್ಟಿಟ್ಯೂಟಿನ ಎಪಿಐ 20ಎಸ್ ಎಂಬ ಪ್ರತ್ಯೇಕ ಮಾನದಂಡವೇ 2021ರಲ್ಲಿ ಬಂತು. ಅದರ ಪ್ರಕಾರ ಯಂತ್ರ, ಪುಡಿ, ಮುದ್ರಣದ ವಿಧಾನ ಎಲ್ಲವನ್ನೂ ಪರೀಕ್ಷಿಸಿ ಒಪ್ಪಿಸಬೇಕಾಗುತ್ತದೆ, ಮತ್ತು ಅದು ನಿಮ್ಮಂಥ ಸಣ್ಣ ಶಾಪ್ ಹೊರಬಹುದಾದ ಹೊರೆಯಲ್ಲ.

ವಾಲ್ವ್ ಉದ್ಯಮದಲ್ಲೇ ಮುದ್ರಣ ನಿಜವಾಗಿ ಗೆಲ್ಲುವ ಜಾಗ ಒಂದಿದೆ, ಅದನ್ನು ನಿಮ್ಮ ಮಗನಿಗೆ ತೋರಿಸಿ. ಕಂಟ್ರೋಲ್ ವಾಲ್ವ್‌ನ ಒಳಗಿನ ಕೇಜ್‌ನಲ್ಲಿ, ದ್ರವದ ಒತ್ತಡವನ್ನು ಹಂತಹಂತವಾಗಿ ಇಳಿಸಲು ಅಂಕುಡೊಂಕಾದ ನೂರಾರು ಸಣ್ಣ ದಾರಿಗಳಿರಬೇಕು. ಒಮ್ಮೆಲೇ ಇಳಿದರೆ ಗುಳ್ಳೆಗಳು ಎದ್ದು ಒಡೆದು ಲೋಹವನ್ನೇ ತಿನ್ನುತ್ತವೆ, ಸದ್ದೂ ವಿಪರೀತ. ಇಂಥ ಕೇಜ್ ಅನ್ನು ಹಿಂದೆ ತೆಳ್ಳಗಿನ ಬಿಲ್ಲೆಗಳಲ್ಲಿ ದಾರಿ ಕೊರೆದು, ಒಂದರ ಮೇಲೊಂದು ಪೇರಿಸಿ, ಬ್ರೇಜಿಂಗ್ ಮಾಡಿ ಕಟ್ಟುತ್ತಿದ್ದರು. ಡ್ರಿಲ್ಲಿಗೆ ಬಾಗಿದ ತೂತು ಹೊಡೆಯಲು ಬಾರದು, ಲೇಸರ್‌ಗೆ ಬರುತ್ತದೆ. ಆದ್ದರಿಂದ ಯಾವ ಜಾಬ್ ಬಂದರೂ ಮೂರು ಪ್ರಶ್ನೆ ಕೇಳಿಕೊಳ್ಳಲು ಅವನಿಗೆ ಕಲಿಸಿ: ಇದರಲ್ಲಿ ಟೂಲ್ ಮುಟ್ಟಲಾಗದ ಒಳದಾರಿ ಇದೆಯೇ, ಹಲವು ತುಂಡುಗಳನ್ನು ಬೆಸೆದು ಮಾಡಿದ್ದೇ, ಕೊಂಡ ಲೋಹದಲ್ಲಿ ಬಹುಪಾಲು ಚಿಪ್ ಆಗುತ್ತದೆಯೇ? ಮೂರಕ್ಕೂ ಇಲ್ಲ ಎಂದಾದರೆ ಅದು ಮುದ್ರಣದ ಜಾಬ್ ಅಲ್ಲ.

ಯಂತ್ರದ ಬೆಲೆ ಕೋಟಿಯ ಆಸುಪಾಸಿನಿಂದ ಮೇಲಕ್ಕೆ ಹೋಗುತ್ತದೆ ಎಂಬುದು ಪ್ರದರ್ಶನದಲ್ಲಿಯೇ ತಿಳಿದಿರುತ್ತದೆ. ಜೊತೆಗೆ ಬರುವ ಖರ್ಚುಗಳನ್ನು ಅಲ್ಲಿ ಯಾರೂ ಜೋರಾಗಿ ಹೇಳುವುದಿಲ್ಲ. ಆರ್ಗಾನ್ ಸಿಲಿಂಡರ್, ಪುಡಿ ಜರಡಿ ಹಿಡಿಯುವ ಯಂತ್ರ, ಮುದ್ರಿತ ಭಾಗದ ಒಳಬಿಗುವನ್ನು ಇಳಿಸುವ ಫರ್ನೇಸ್, ತಳದ ಪ್ಲೇಟಿನಿಂದ ಅದನ್ನು ಕೊಯ್ದು ಬಿಡಿಸಲು ವಿದ್ಯುತ್ ಕಿಡಿಯಿಂದ ಲೋಹ ಕತ್ತರಿಸುವ ವೈರ್ ಇಡಿಎಂ, ಏರ್ ಕಂಡೀಷನ್ ಮಾಡಿದ ಕೋಣೆ, ಎರಡು ಮೂರು ದಿನ ಎಡೆಬಿಡದೆ ಓಡುವ ಯಂತ್ರಕ್ಕೆ ವಿದ್ಯುತ್ ಹೋದಾಗ ಆಸರೆಯಾಗುವ ಯುಪಿಎಸ್ ಎಲ್ಲವೂ ಬೇಕು. ಅಲ್ಯೂಮಿನಿಯಂ ಮತ್ತು ಟೈಟಾನಿಯಂ ಪುಡಿ ಗಾಳಿಯಲ್ಲಿ ತೇಲಿದರೆ ಒಂದು ಕಿಡಿಗೆ ಸ್ಫೋಟಿಸಬಲ್ಲದು. ಪಕ್ಕದಲ್ಲೇ ಗ್ರೈಂಡರ್ ಕಿಡಿ ಹಾರಿಸುತ್ತಿರುವ ನಮ್ಮ ಶೆಡ್ಡುಗಳು ಇದಕ್ಕೆ ಹೇಳಿಮಾಡಿಸಿದ ಜಾಗವಲ್ಲ.

ಈಗ ನೀವು ಧಾರಾಳವಾಗಿ ಕೊಳ್ಳಬಹುದಾದ ಪ್ರಿಂಟರ್ ಬಗ್ಗೆ. ಪ್ಲಾಸ್ಟಿಕ್ ತಂತಿಯನ್ನು ಕರಗಿಸಿ ಎಳೆಎಳೆಯಾಗಿ ಸುರಿಯುವ ಎಫ್‌ಡಿಎಂ ಯಂತ್ರ ಕೆಲವು ಹತ್ತು ಸಾವಿರ ರೂಪಾಯಿಗೆ ಸಿಗುತ್ತದೆ. ಆ ವಿಧಾನದ ಮೂಲ ಪೇಟೆಂಟ್ 2009ರಲ್ಲಿ ಮುಗಿದ ಮೇಲೆಯೇ ಬೆಲೆ ಹೀಗೆ ನೆಲಕ್ಕಿಳಿದದ್ದು. ಇದನ್ನು ಆಟಿಕೆ ಎಂದು ನೀವು ನಗಬಹುದು, ಆದರೆ ನಿಮ್ಮ ಜಿನ್ನಿಂಗ್ ಮಿಲ್ ಗಿರಾಕಿಗಳಿಗೆ ಇದರಷ್ಟು ಉಪಯೋಗದ ಯಂತ್ರ ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಡಬಲ್ ರೋಲರ್ ಜಿನ್ನಿನ ಬೀಡು ಕಬ್ಬಿಣದ ಬೇರಿಂಗ್ ಬ್ರಾಕೆಟ್ ಒಂದು ಸೀಸನ್ ಮಧ್ಯದಲ್ಲಿ ಮುರಿದು ನಿಮ್ಮ ಬಳಿಗೆ ಬಂತು ಎಂದುಕೊಳ್ಳಿ. ಯಂತ್ರ ಹಳೆಯದು, ಡ್ರಾಯಿಂಗ್ ಇಲ್ಲ, ಮರದ ಪ್ಯಾಟರ್ನ್ ಮಾಡುವ ಬಡಗಿ ಎರಡು ವಾರ ಕೇಳುತ್ತಾನೆ. ಮುರಿದ ತುಂಡುಗಳನ್ನು ಜೋಡಿಸಿ ಅಳೆದು, ಸವೆದ ಬೋರ್‌ಗೆ ಸವೆಯುವ ಮೊದಲಿನ ಅಳತೆಯನ್ನು ಬೇರಿಂಗ್ ನಂಬರಿನಿಂದ ತಿಳಿದು, ನಿಮ್ಮ ಮಗ ಸಂಜೆಯೊಳಗೆ ಕಂಪ್ಯೂಟರ್‌ನಲ್ಲಿ ಮಾಡೆಲ್ ಮಾಡಬಲ್ಲ. ಅದಕ್ಕೆ ಮೂರು ತಿದ್ದುಪಡಿ ಬೇಕು. ಬೀಡು ಕಬ್ಬಿಣ ತಣಿಯುವಾಗ ಸುಮಾರು ಶೇ 1ರಷ್ಟು ಕುಗ್ಗುವುದರಿಂದ 300 ಮಿ.ಮೀ. ಉದ್ದವನ್ನು 303 ಮಾಡಬೇಕು. ಇದೇ ಸ್ಟೀಲ್ ಎರಕವಾದರೆ ಶೇ 2. ಮಷಿನ್ ಆಗುವ ಮುಖಗಳಿಗೆ 3 ಮಿ.ಮೀ. ಹೆಚ್ಚು ಬಿಡಬೇಕು. ಮರಳಿನ ಅಚ್ಚನ್ನು ಕೆಡಿಸದೆ ಪ್ಯಾಟರ್ನ್ ಮೇಲೆ ಬರಲು ನಿಂತ ಗೋಡೆಗಳಿಗೆ ಒಂದೂವರೆ ಡಿಗ್ರಿಯ ಇಳಿಜಾರು ಕೊಡಬೇಕು. ನಂತರ ಪ್ಯಾಟರ್ನನ್ನು ಎರಡು ಹೋಳಾಗಿ ಸೀಳಿ, ಸೀಳಿದ ಮುಖ ಕೆಳಗೆ ಬರುವಂತೆ ಮುದ್ರಿಸಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಹಾಗೆ ಮುದ್ರಿಸಿದಾಗ ಪದರದ ಗೆರೆಗಳು ಪ್ಯಾಟರ್ನ್ ಎಳೆಯುವ ದಿಕ್ಕಿಗೆ ಅಡ್ಡವಾಗಿ ನಿಲ್ಲುತ್ತವೆ, ಪ್ರತಿ ಗೆರೆಯೂ ಮರಳನ್ನು ಕಚ್ಚಿ ಮೋಲ್ಡ್‌ನ ಅಂಚು ಕಿತ್ತುಹಾಕುತ್ತದೆ. ಆದ್ದರಿಂದ ಆಟೊಮೊಬೈಲ್ ಪೇಂಟಿನವರು ಬಳಸುವ ಪುಟ್ಟಿ ಎಳೆದು, ನೀರು ಹಾಕಿ ಎಮೆರಿ ಕಾಗದದಲ್ಲಿ ಉಜ್ಜಿ, ಮೇಲೆ ಪೇಂಟ್ ಹೊಡೆಯದೆ ಫೌಂಡ್ರಿಗೆ ಕಳಿಸಬೇಡಿ. ಅಗ್ಗದ ಪಿಎಲ್ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಏಪ್ರಿಲ್ ತಿಂಗಳಲ್ಲಿ ಗಾಜು ಏರಿಸಿ ನಿಲ್ಲಿಸಿದ ಗಾಡಿಯೊಳಗೆ ಬಿಟ್ಟರೆ ಬೆಳಗಾವಿ ತಲುಪುವುದರೊಳಗೆ ಬ್ರಾಕೆಟ್ ಡೊಂಕಾಗಿರುತ್ತದೆ. ಕೈಯಲ್ಲಿ ಮೋಲ್ಡಿಂಗ್ ಮಾಡುವ ಫೌಂಡ್ರಿಯಲ್ಲಿ ಇಂಥ ಪ್ಯಾಟರ್ನ್ ಹಲವು ಎರಕಕ್ಕೆ ಬಾಳುತ್ತದೆ. ಸಾವಿರಾರು ಎರಕದ ಆರ್ಡರ್ ಇದ್ದರೆ ಮಾತ್ರ ಅಲ್ಯೂಮಿನಿಯಂ ಪ್ಯಾಟರ್ನ್ ಮಾಡಿಸುವುದು ಸೂಕ್ತ.

ಇದೇ ಪ್ರಿಂಟರ್‌ನಲ್ಲಿ ಜಾಬ್ ಕೂರಿಸುವ ಗೂಡು, ಡ್ರಿಲ್ ಜಿಗ್‌ನ ದೇಹ, ಗೋ-ನೋಗೋ ಪರೀಕ್ಷೆಯ ಒರಟು ಗೇಜ್, ಫಿನಿಶ್ ಆದ ಬಾಲ್‌ಗೆ ಗೀರು ಬೀಳದಂತೆ ಇಡುವ ಟ್ರೇ ಎಲ್ಲವನ್ನೂ ಮಾಡಿಕೊಳ್ಳಬಹುದು. ಕಾರ್ಬನ್ ನಾರು ಬೆರೆಸಿದ ನೈಲಾನ್ ಇದಕ್ಕೆ ಒಳ್ಳೆಯದು. ನೈಲಾನ್ ತೇವ ಹೀರುವುದರಿಂದ ಮಳೆಗಾಲದಲ್ಲಿ ಸುರುಳಿಯನ್ನು ಒಣಗಿಸಿಯೇ ಬಳಸಬೇಕು ಎಂಬುದು ಧಾರವಾಡದ ಜುಲೈ ಕಂಡವರಿಗೆ ಬೇರೆ ಹೇಳಬೇಕಿಲ್ಲ. ಆದರೆ ವೇಗವಾಗಿ ತಿರುಗುವ ಚಕ್‌ಗೆ ಜಾಬ್ ಕಚ್ಚಿ ಹಿಡಿಯುವ ಪ್ಲಾಸ್ಟಿಕ್ ಜಾ ಮಾತ್ರ ಯಾವ ಕಾರಣಕ್ಕೂ ಕಟ್ಟಬೇಡಿ. ಮುದ್ರಿತ ಪ್ಲಾಸ್ಟಿಕ್ ಪದರಗಳ ನಡುವೆಯೇ ಸೀಳುವ ಗುಣವುಳ್ಳದ್ದು, ಮತ್ತು ಚಕ್ ಮುಂದೆ ನಿಂತಿರುವವನು ನಿಮ್ಮ ಟರ್ನರ್.

ಮರಳನ್ನೇ ಮುದ್ರಿಸುವ ಯಂತ್ರಗಳೂ ಇವೆ. ಮರಳಿನ ತೆಳು ಪದರದ ಮೇಲೆ ಅಂಟು ಸಿಂಪಡಿಸುತ್ತ ಮೋಲ್ಡ್ ಮತ್ತು ಕೋರ್‌ಗಳನ್ನು ನೇರವಾಗಿ ಕಟ್ಟುವುದರಿಂದ ಪ್ಯಾಟರ್ನ್, ಕೋರ್ ಬಾಕ್ಸ್ ಎರಡೂ ಬೇಡವಾಗುತ್ತವೆ. ವಾಲ್ವ್ ಕಂಪನಿ ಹೊಸ ಬಾಡಿಯ ಎರಡು ಮೂರು ಮಾದರಿಗಳನ್ನಷ್ಟೇ ಕೇಳಿದಾಗ ಇದು ವಾರಗಳನ್ನು ಉಳಿಸುತ್ತದೆ, ಬಂದ ಭಾಗ ನಿಜವಾದ ಎರಕವೇ ಆಗಿರುವುದರಿಂದ ಮೇಲೆ ಹೇಳಿದ ಎ216, ಎ351ರ ತಕರಾರೂ ಇರುವುದಿಲ್ಲ. ಯಂತ್ರ ನಿಮಗೆ ಬೇಕಿಲ್ಲ, ಆ ಸೇವೆ ಕೊಡುವ ಫೌಂಡ್ರಿ ಯಾವುದು ಎಂದು ವಿಚಾರಿಸಿಟ್ಟುಕೊಂಡಿರಿ.

ಇನ್ನು ನಿಮ್ಮ ಹಣ ನಿಜವಾಗಿ ಸೋರಿಹೋಗುತ್ತಿರುವ ಜಾಗಕ್ಕೆ ಬರೋಣ. ಒಂದು ವಾರ ಪ್ರತಿ ಯಂತ್ರದ ಬಳಿ ಒಂದು ನೋಟ್‌ಬುಕ್ ಇಟ್ಟು, ಸ್ಪಿಂಡಲ್ ತಿರುಗಿ ಚಿಪ್ ಬರುತ್ತಿದ್ದ ಗಂಟೆ ಎಷ್ಟು, ಸೆಟ್ಟಿಂಗ್, ಡಯಲ್ ಹಿಡಿಯುವುದು, ಟೂಲ್ ಬದಲಿಸುವುದು, ಕ್ರೇನಿಗೆ ಕಾಯುವುದು ಇವುಗಳಲ್ಲಿ ಹೋದ ಗಂಟೆ ಎಷ್ಟು ಎಂದು ಬರೆಸಿ. ಸಣ್ಣ ಲಾಟ್‌ಗಳ ಜಾಬ್ ವರ್ಕ್ ಮಾಡುವ ಶಾಪ್‌ಗಳಲ್ಲಿ ಎರಡನೆಯದೇ ಹೆಚ್ಚಾಗಿರುವುದನ್ನು ನೀವೇ ಕಾಣುವಿರಿ. ಕಳೆದ ಇಪ್ಪತ್ತು ವರ್ಷಗಳಲ್ಲಿ ಮಷಿನಿಂಗ್ ಕ್ಷೇತ್ರದಲ್ಲಿ ಆದ ಪ್ರಗತಿಯ ದೊಡ್ಡ ಭಾಗ ಈ ಕಾಯುವ ಗಂಟೆಗಳನ್ನೇ ಗುರಿಯಾಗಿಸಿದ್ದು. ವಿಎಂಸಿಯ ಸ್ಪಿಂಡಲ್‌ಗೆ ಕೂರುವ ಟಚ್ ಪ್ರೋಬ್ ಎರಕದ ಬಾಡಿಯ ಮುಖ ಎಲ್ಲಿದೆ, ಬೋರ್‌ನ ನಡು ಎಲ್ಲಿದೆ ಎಂದು ತಾನೇ ಮುಟ್ಟಿ ತಿಳಿದು, ಅಳತೆ ಶುರುವಾಗುವ ಜಾಗವನ್ನು ಹೇಳುವ ವರ್ಕ್ ಆಫ್‌ಸೆಟ್ ಹಾಕಿಕೊಳ್ಳುತ್ತದೆ. ಎರಕ ಎರಡು ಮಿಲಿಮೀಟರ್ ಓರೆಯಾಗಿ ಬಂದಿದ್ದರೆ ಮೊದಲ ಕಟ್‌ಗೂ ಮುಂಚೆಯೇ ಗೊತ್ತಾಗುತ್ತದೆ. ಫಿಕ್ಸ್ಚರ್ ಪ್ಲೇಟನ್ನು ಒತ್ತಿದೊಡನೆ ಕೆಲವೇ ಮೈಕ್ರಾನ್‌ನೊಳಗೆ ಅದೇ ಜಾಗಕ್ಕೆ ಕೂರಿಸುವ ಜೀರೋ ಪಾಯಿಂಟ್ ಕ್ಲ್ಯಾಂಪ್‌ಗಳಿವೆ. ಮೆಟಲ್ ಪ್ರಿಂಟರ್‌ನ ಬೆಲೆಯ ಸಣ್ಣ ಪಾಲಿನಲ್ಲಿ ಇವೆರಡೂ ಬರುತ್ತವೆ.

ಕತ್ತರಿಸುವ ವಿಧಾನವೂ ಬದಲಾಗಿದೆ. ನಿಮ್ಮ ಮಗನಿಗೆ ಟೂಲ್ ಸಾಗುವ ದಾರಿಯನ್ನು ಲೆಕ್ಕಹಾಕುವ ಕ್ಯಾಮ್ ಸಾಫ್ಟ್‌ವೇರ್ ಬರುತ್ತಿದ್ದರೆ ಅದರಲ್ಲಿರುವ ಅಡಾಪ್ಟಿವ್ ಟೂಲ್‌ಪಾತ್ ಬಳಸಿ ನೋಡಲು ಹೇಳಿ. ಇದರಲ್ಲಿ ಎಂಡ್‌ಮಿಲ್ ಪೂರ್ತಿ ಅಗಲ ಕಚ್ಚುವುದಿಲ್ಲ. ಪಕ್ಕಕ್ಕೆ ತೆಳುವಾಗಿ ಕಚ್ಚುತ್ತ, ಆಳಕ್ಕೆ ಟೂಲಿನ ಉದ್ದವನ್ನೆಲ್ಲ ಬಳಸುತ್ತ, ಮೂಲೆಯಲ್ಲೂ ಹೊರೆ ಏರದಂತೆ ಸುತ್ತುಹಾಕಿ ಹೋಗುತ್ತದೆ. ಲೆಕ್ಕ ಹೀಗಿದೆ. 16 ಮಿ.ಮೀ. ವ್ಯಾಸದ ನಾಲ್ಕು ಹಲ್ಲಿನ ಕಾರ್ಬೈಡ್ ಎಂಡ್‌ಮಿಲ್, ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ನಿಮಿಷಕ್ಕೆ 100 ಮೀಟರ್ ಕಟಿಂಗ್ ಸ್ಪೀಡ್ ಎಂದರೆ ಸುಮಾರು 1990 ಆರ್‌ಪಿಎಂ. ಹಲ್ಲಿಗೆ 0.1 ಮಿ.ಮೀ. ಫೀಡ್ (ಟೂಲ್ ಮುಂದೆ ಸಾಗುವ ದೂರ) ಕೊಟ್ಟರೆ ನಿಮಿಷಕ್ಕೆ 796 ಮಿ.ಮೀ. ಆದರೆ ಪಕ್ಕದ ಕಚ್ಚು ವ್ಯಾಸದ ಹತ್ತನೇ ಒಂದು ಪಾಲು, ಅಂದರೆ 1.6 ಮಿ.ಮೀ. ಮಾತ್ರ ಇದ್ದಾಗ ಚಿಪ್‌ನ ನಿಜವಾದ ದಪ್ಪ 0.06ಕ್ಕೆ ಇಳಿದುಬಿಡುತ್ತದೆ, ಹಲ್ಲು ಕತ್ತರಿಸುವುದಕ್ಕಿಂತ ಉಜ್ಜುವುದೇ ಹೆಚ್ಚಾಗುತ್ತದೆ. ಅದನ್ನು ಪುನಃ 0.1ಕ್ಕೆ ತರಬೇಕಾದರೆ ಫೀಡನ್ನು 1320ರ ಮೇಲಕ್ಕೆ ಏರಿಸಬೇಕು. ಫೀಡ್ ಏರಿಸಿದರೆ ಟೂಲ್ ಮುರಿದೀತೆಂದು ಹೆದರುವ ಆಪರೇಟರ್‌ಗೆ ಈ ಲೆಕ್ಕವನ್ನು ಕಾಗದದ ಮೇಲೆ ಬಿಡಿಸಿ ತೋರಿಸಬೇಕು. ಸ್ಟೇನ್‌ಲೆಸ್‌ನಲ್ಲಂತೂ ಉಜ್ಜಿದ ಮೈ ಗಟ್ಟಿಯಾಗಿ ಮುಂದಿನ ಹಲ್ಲನ್ನು ತಿನ್ನುತ್ತದೆ; ಅಲ್ಲಿ ಕಡಿಮೆ ಫೀಡ್ ಎಂಬುದು ಎಚ್ಚರಿಕೆಯಲ್ಲ, ಟೂಲ್ ಹಾಳುಮಾಡುವ ದಾರಿ.

ತಾಪಮಾನದ ವಿಷಯ ಹೇಳದೆ ಬಿಡುವಂತಿಲ್ಲ, ಏಕೆಂದರೆ ಹುಬ್ಬಳ್ಳಿಯ ತಗಡಿನ ಶೆಡ್ಡುಗಳಲ್ಲಿ ರಿಜೆಕ್ಷನ್‌ಗೆ ಇದು ಕಾಣದ ಕಾರಣ. 316 ಸ್ಟೇನ್‌ಲೆಸ್ ಪ್ರತಿ ಡಿಗ್ರಿಗೆ ಮೀಟರಿಗೆ ಸುಮಾರು 16 ಮೈಕ್ರಾನ್ ಹಿಗ್ಗುತ್ತದೆ. 150 ಮಿ.ಮೀ. ಬೋರ್ ಇರುವ ಜಾಬ್, ಯಂತ್ರದಿಂದ ಇಳಿದಾಗ ನಿಮ್ಮ ಗೇಜ್‌ಗಿಂತ 15 ಡಿಗ್ರಿ ಬಿಸಿಯಾಗಿದ್ದರೆ ಬೋರ್ 36 ಮೈಕ್ರಾನ್ ದೊಡ್ಡದಾಗಿ ಕಾಣುತ್ತದೆ. ಆ ಅಳತೆಗೆ ಎಚ್7 ದರ್ಜೆಯ ಟಾಲರೆನ್ಸ್ (ಒಪ್ಪಬಹುದಾದ ಏರುಪೇರು) ಇರುವುದೇ 40 ಮೈಕ್ರಾನ್. ಆಗ ಸರಿ ಎಂದು ಪಾಸಾದದ್ದು ಮರುದಿನ ಬೆಳಿಗ್ಗೆ ಗ್ರಾಹಕರ ಇನ್‌ಸ್ಪೆಕ್ಷನ್ ಕೋಣೆಯಲ್ಲಿ ಚಿಕ್ಕದಾಗಿರುತ್ತದೆ. ಜಾಬ್ ಮತ್ತು ಗೇಜ್ ಎರಡನ್ನೂ ಒಂದೇ ಕಬ್ಬಿಣದ ಮೇಜಿನ ಮೇಲೆ ಸಾಕಷ್ಟು ಹೊತ್ತು ಬಿಟ್ಟು ಅಳೆಯುವುದಕ್ಕೆ ಖರ್ಚೇನೂ ಇಲ್ಲ.

ನಿಮ್ಮಂಥ ಶಾಪ್‌ಗಳಿಗೆ ಹೊಸ ಗಿರಾಕಿ ಬರಬಹುದಾದ ದಿಕ್ಕು, ನಾನು ಮೊದಲಲ್ಲೇ ಹೇಳಿದಂತೆ, ಮುದ್ರಿತ ಭಾಗವನ್ನು ಮುಗಿಸಿಕೊಡುವ ಕೆಲಸ. ಬೆಂಗಳೂರಿನಲ್ಲಿ ಲೋಹದ ಮುದ್ರಣ ಸೇವೆ ಕೊಡುವ ಕಂಪನಿಗಳಿವೆ. ಇಸ್ರೋದ ಆ ಪಿಎಸ್4 ಎಂಜಿನ್ ತಯಾರಾದದ್ದು ವಿಪ್ರೋ 3ಡಿಯಲ್ಲಿ. ಮುದ್ರಣ ಯಂತ್ರದಿಂದ ಇಳಿದ ಭಾಗ ಹೊಲದಿಂದ ಬಂದ ಜೋಳದ ತೆನೆ ಇದ್ದಂತೆ, ರಾಶಿ ಮಾಡಿ ಹಸನು ಮಾಡುವವರು ಬೇರೆ ಬೇಕು. ಆದರೆ ಈ ಕೆಲಸ ಎರಕದ ಮಷಿನಿಂಗ್‌ನಂತಿಲ್ಲ. ಲೇಸರ್ ಕರಗಿಸಿ ಕ್ಷಣದಲ್ಲಿ ತಣಿಸಿದ ಲೋಹದಲ್ಲಿ ಒಳಬಿಗು ತುಂಬಿರುತ್ತದೆ. ಫರ್ನೇಸ್‌ನಲ್ಲಿ ಅದನ್ನು ಇಳಿಸುವ ಮೊದಲೇ ಪ್ಲೇಟಿನಿಂದ ಬಿಡಿಸಿದರೆ ಭಾಗ ಬಾಗುತ್ತದೆ, ಆಮೇಲೆ ನೀವು ಎಷ್ಟು ಹೊಡೆದರೂ ನೆಟ್ಟಗಾಗದು. ಆದ್ದರಿಂದ ಸ್ಟ್ರೆಸ್ ರಿಲೀವ್ ಆಗಿದೆಯೇ ಎಂಬುದಕ್ಕೆ ಲಿಖಿತ ದಾಖಲೆ ಕೇಳಿ.

ಭಾಗ ಸಾಮಾನ್ಯವಾಗಿ ತೆಳುಗೋಡೆಯದು, ಬಳುಕುವ ಆಕಾರದ್ದು, ಹಿಡಿಯಲು ಒಂದು ಚಪ್ಪಟೆ ಮುಖವೂ ಇರುವುದಿಲ್ಲ. ಜಾಣ ವಿನ್ಯಾಸಕಾರ ಹಿಡಿಯಲೆಂದೇ ಎರಡು ಕಿವಿಗಳನ್ನು ಜೊತೆಗೇ ಮುದ್ರಿಸಿರುತ್ತಾನೆ, ಕೊನೆಯಲ್ಲಿ ಕತ್ತರಿಸಿ ಬಿಸಾಡಲು. ಹಾಗಿಲ್ಲದಿದ್ದರೆ ಆರ್ಡರ್ ಒಪ್ಪುವ ಮೊದಲೇ ಕೇಳಿ ಸೇರಿಸಿಸಿ. ಮಷಿನ್ ಆಗುವ ಮುಖಕ್ಕೆ ಅರ್ಧದಿಂದ ಒಂದು ಮಿಲಿಮೀಟರ್ ಬಿಟ್ಟಿದ್ದಾರೆಯೇ, ಯಾವ ಮುಖದಿಂದ ಅಳತೆ ಹಿಡಿಯಬೇಕು ಎಂಬುದನ್ನೂ ಆಗಲೇ ತೀರ್ಮಾನಿಸಿ. ಮುದ್ರಣದ ವೇಳೆ ಭಾಗವನ್ನು ಎತ್ತಿಹಿಡಿದ ಆಸರೆಯ ಕಂಬಗಳಿದ್ದ ಜಾಗದಲ್ಲಿ ಟೂಲ್ ಬಿಟ್ಟುಬಿಟ್ಟು ಕಚ್ಚುವುದರಿಂದ ಇನ್ಸರ್ಟ್‌ನ (ಟೂಲಿನ ಬದಲಿಸಬಹುದಾದ ಕತ್ತರಿಸುವ ತುದಿ) ಅಂಚು ಚಕ್ಕೆ ಏಳುತ್ತದೆ. ಗಟ್ಟಿ ಅಂಚಿನ ಗ್ರೇಡ್ ಬೇಕು. ಒಳದಾರಿಗಳಲ್ಲಿ ಸಿಕ್ಕಿಕೊಂಡ ಪುಡಿಯನ್ನು ಪೂರ್ತಿ ತೆಗೆದ ಮೇಲೆಯೇ ಯಂತ್ರಕ್ಕೆ ಏರಿಸಿ, ಇಲ್ಲವಾದರೆ ಅದು ಕೂಲಂಟ್ ಜೊತೆ ಸೇರಿ ಪಂಪನ್ನೂ ಗೈಡ್‌ವೇಯನ್ನೂ ಸವೆಸುತ್ತದೆ. ಟೈಟಾನಿಯಂ, ನಿಕ್ಕಲ್ ಮಿಶ್ರಲೋಹವಾದ ಇಂಕೊನೆಲ್ ಎರಡಕ್ಕೂ 70 ಬಾರ್ ಒತ್ತಡದಲ್ಲಿ ಟೂಲಿನ ತುದಿಗೇ ಹೊಡೆಯುವ ಕೂಲಂಟ್ ಇದ್ದರೆ ಚಿಪ್ ಮುರಿಯುತ್ತದೆ, ಟೂಲ್ ಬಾಳುತ್ತದೆ. ತರಬೇತಿ ಸಂಸ್ಥೆಗಳಾದ ಹುಬ್ಬಳ್ಳಿಯ ಜಿಟಿಟಿಸಿಯಿಂದಲೋ ಧಾರವಾಡದ ಎನ್‌ಟಿಟಿಎಫ್‌ನಿಂದಲೋ ಟೂಲ್ ಮೇಕಿಂಗ್ ಕಲಿತ ಒಬ್ಬ ಹುಡುಗನನ್ನು ಈ ಕೆಲಸಕ್ಕೆಂದೇ ತೆಗೆದುಕೊಳ್ಳುವುದು, ಯಂತ್ರ ಕೊಳ್ಳುವುದಕ್ಕಿಂತ ಮೊದಲಿನ ಹೆಜ್ಜೆಯಾಗಬೇಕು.

ವೆಲ್ಡಿಂಗ್‌ಗೆ ಹತ್ತಿರವಾದ ಇನ್ನೊಂದು ಬಗೆಯ ಮುದ್ರಣವನ್ನೂ ಮಗನ ಗಮನಕ್ಕೆ ತನ್ನಿ. ವೆಲ್ಡಿಂಗಿನ ಮಿಗ್ ಟಾರ್ಚನ್ನು ರೋಬೊಟ್ ಕೈಗೆ ಕೊಟ್ಟು, ತಂತಿ ಕರಗಿಸುತ್ತ ಗೋಡೆ ಏರಿಸಿದಂತೆ ಲೋಹ ಏರಿಸುವ ವಿಧಾನ ಇದು. ಗಂಟೆಗೆ ಕಿಲೋಗಟ್ಟಲೆ ಕಟ್ಟುತ್ತದೆ, ಆದರೆ ಮೈ ಅಲೆಅಲೆಯಾಗಿರುವುದರಿಂದ ಎರಡು ಮೂರು ಮಿಲಿಮೀಟರ್ ಮಷಿನಿಂಗ್ ತಪ್ಪದು. ಸೀಟ್‌ಗಳ ಮೇಲೆ ಸ್ಟೆಲೈಟ್ ಎಂಬ ಗಡಸು ಮಿಶ್ರಲೋಹ ಕೂರಿಸುವ ಹಾರ್ಡ್‌ಫೇಸಿಂಗ್ ವಾಲ್ವ್‌ನವರಿಗೆ ಹೊಸದಲ್ಲ. ಅದನ್ನೇ ಲೇಸರ್‌ನಿಂದ ಮಾಡಿದರೆ ತಳದ ಲೋಹ ಕಡಿಮೆ ಬೆರೆಯುತ್ತದೆ, ತೆಳು ಲೇಪನದಲ್ಲೇ ಗಡಸು ಸಿಗುತ್ತದೆ. ಸವೆದ ಶಾಫ್ಟ್, ಪಂಪ್ ಸ್ಲೀವ್‌ಗಳ ರಿಪೇರಿಗೂ ಇದು ಒಗ್ಗುತ್ತದೆ. ಈ ಭಾಗದಲ್ಲಿ ಮೊದಲು ಕಾಲೂರುವ ಲೋಹ ಮುದ್ರಣ ಪುಡಿಯ ಹಾಸಿನ ಯಂತ್ರವಾಗಿರದೆ ಇದೇ ಆಗಿರುತ್ತದೆ ಎಂಬುದು ನನ್ನ ಅಂದಾಜು, ಏಕೆಂದರೆ ಇದಕ್ಕೆ ಬೇಕಾದ ವೆಲ್ಡರ್, ತಂತಿ, ಗ್ಯಾಸ್, ಮಷಿನಿಂಗ್ ಎಲ್ಲವೂ ಗೋಕುಲ ರಸ್ತೆಯಿಂದ ತಾರಿಹಾಳದವರೆಗೆ ಆಗಲೇ ಇವೆ.

ಕೊನೆಯದಾಗಿ ಐದು ಆಕ್ಸಿಸ್ ಯಂತ್ರ. ನಿಮ್ಮ ಬಾಡಿಯ ಆಕಾರವನ್ನೊಮ್ಮೆ ನೆನೆಯಿರಿ. ಎರಡು ತುದಿಯ ಫ್ಲ್ಯಾಂಜ್‌ಗಳು ಒಂದೇ ಗೆರೆಯಲ್ಲಿವೆ, ಬಾನೆಟ್ ಮುಖ ಆ ಗೆರೆಗೆ ಲಂಬವಾಗಿದೆ. ಮೂರೂ ಮುಖಗಳು ನೋಡುವುದು ಒಂದೇ ಸಮತಲದೊಳಗಿನ ದಿಕ್ಕುಗಳನ್ನು. ಬಾಡಿಯನ್ನು ಮಗ್ಗುಲಿಗೆ ಮಲಗಿಸಿ, ಅಡ್ಡ ಸ್ಪಿಂಡಲ್ಲಿನ ಮಿಲ್ಲಿಂಗ್ ಯಂತ್ರವಾದ ಎಚ್‌ಎಂಸಿಯ ತಿರುಗುವ ಮೇಜಿನ ಮೇಲೆ ಕಟ್ಟಿದರೆ, 90 ಡಿಗ್ರಿಯಂತೆ ತಿರುಗಿಸುತ್ತ ಮೂರು ಮುಖಗಳನ್ನೂ ಒಂದೇ ಸೆಟ್ಟಿಂಗ್‌ನಲ್ಲಿ ಮುಗಿಸಬಹುದು, ಐದನೆಯ ಆಕ್ಸಿಸ್‌ಗೆ ಅಲ್ಲಿ ಕೆಲಸವೇ ಇಲ್ಲ. ಅಷ್ಟು ಬಂಡವಾಳವೂ ಈಗ ಬೇಡವೆನಿಸಿದರೆ ಇರುವ ವಿಎಂಸಿಗೇ ನಾಲ್ಕನೆಯ ಆಕ್ಸಿಸ್‌ನ ರೋಟರಿ ಟೇಬಲ್ ಹಾಕಿಸಿ. ಸಣ್ಣ ಬಾಡಿಗಳಿಗೆ ಅದೇ ಸಾಕು. ಐದು ಆಕ್ಸಿಸ್ ಬೇಕಾಗುವುದು ಇಂಪೆಲ್ಲರ್‌ನಂಥ ತಿರುಚಿದ ಮೈಗೆ, ಅಥವಾ ಮೇಲೆ ಹೇಳಿದ ಮುದ್ರಿತ ಭಾಗಗಳ ಓರೆ ಮುಖಗಳಿಗೆ. ಅಂಥ ಆರ್ಡರ್ ಕೈಗೆ ಬಂದ ದಿನ ಕೊಳ್ಳಿ. ಆಗಲೂ ಕೊಟೇಷನ್‌ನಲ್ಲಿ ಯಂತ್ರದ ಬೆಲೆಯ ಜೊತೆಗೆ ನಿಮ್ಮ ಕ್ಯಾಮ್ ಸಾಫ್ಟ್‌ವೇರ್‌ಗೆ ಹೊಂದುವ ಪೋಸ್ಟ್ ಪ್ರೊಸೆಸರ್ (ಆ ಸಾಫ್ಟ್ವೇರಿನ ಲೆಕ್ಕವನ್ನು ಯಂತ್ರದ ಭಾಷೆಗೆ ತರುವ ಪ್ರೋಗ್ರಾಂ), ಹುಬ್ಬಳ್ಳಿಗೇ ಬಂದು ಕೊಡುವ ತರಬೇತಿ, ಮತ್ತು ನಿಮ್ಮದೇ ಜಾಬ್‌ನ ಮೇಲೆ ಟ್ರಯಲ್ ಕಟ್ ಮಾಡಿ ತೋರಿಸುವ ಷರತ್ತು, ಈ ಮೂರನ್ನೂ ಅಡ್ವಾನ್ಸ್ ಕೊಡುವ ಮೊದಲೇ ಬರೆಸಿಕೊಳ್ಳಿ.